ಮೂರು ಸಲ ಕೇಳುವ ಮೆಜ್ಬಾನ್

ನಡುಕೋಣೆಯಲ್ಲಿ ಹೆಂಡತಿಯ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿರುವ ಹೊತ್ತಿನಲ್ಲಿ, ನಮ್ಮ ಕಂಪ್ಯೂಟರು ಆಫ್ ಆಗುತ್ತಿಲ್ಲ ಎಂದು ಯಾರಾದರೂ ಫೋನು ಮಾಡಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದು ಹಮ್ದಮ್‌ಗೆ ಅನ್ನಿಸಿತು. ಫೋನು ಮಾಡಿದವಳು ಸಂಗೀತಶಾಲೆಯ ಮುಖ್ಯಸ್ಥೆ ಶೋಹಿಸ್ತಾ. ಅವನು ಅಲ್ಲಿ ಸ್ವರಪಾಠದ ಮೇಷ್ಟ್ರಾಗಿದ್ದಾಗ ಕೊನೆಯ ಬೆಂಚಿನಲ್ಲಿ ಕೂತು ಶ್ರುತಿ ತಪ್ಪಿ ಹಾಡುತ್ತಿದ್ದ ಹುಡುಗಿ. "ಉಸ್ತಾದ್, ಯಾವುದೋ ಒಂದು ಪ್ರೋಗ್ರಾಂ ಅಡ್ಡ ಬರ್ತಿದೆ, ನೀವು ಬಂದು ಒಂಚೂರು ನೋಡಿದ್ರೆ..." ಎಂದು ಅವಳು ವಾಕ್ಯ ಮುಗಿಸುವ ಮುಂಚೆಯೇ ಅವನು ಹಳೆಯ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತಿದ್ದ. ತುರ್ತು ಕೆಲಸ ಎಂದು ಹೆಂಡತಿ ಮಸ್ತೂರಾಗೆ ಹೇಳಿದ. ಮಸ್ತೂರಾ ಮಡಿಸುತ್ತಿದ್ದ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಅವನನ್ನು ನೋಡಿದಳು. ನಿವೃತ್ತನಾದಂದಿನಿಂದ ಅವನಿಗೆ ತುರ್ತು ಅನ್ನುವುದು ಬಂದದ್ದು ಇದೇ ಮೊದಲು ಎಂಬುದು ಇಬ್ಬರಿಗೂ ಗೊತ್ತಿತ್ತು. "ರೈಲು ಮಧ್ಯಾಹ್ನಕ್ಕೆ," ಎಂದಳು. ಹೂಂ ಎಂದು ಹೊರಟೇಬಿಟ್ಟ.

ಹಿಪ್ಪುನೇರಳೆ ಸಾಲಿನ ಕೆಳಗೆ ನಡೆಯುತ್ತ ತಾನು ಓಡಿಹೋಗುತ್ತಿಲ್ಲ, ಕರೆ ಬಂದಿದೆ ಅದಕ್ಕೆ ಹೋಗುತ್ತಿದ್ದೇನೆ ಎಂದು ತನಗೆ ತಾನೇ ವಿವರಿಸಿಕೊಂಡ. ಅವರ ಊರು ಮರ್ಗಿಲಾನಿನ ಅರ್ಧ ಜನ ರೇಷ್ಮೆಯ ನಂಟಿನವರು. ಆ ಅರ್ಧದಲ್ಲಿ ಮಸ್ತೂರಾಳ ಬೆರಳು ಅಂದರೆ ಬೇರೆಯೇ ಮರ್ಯಾದೆ. ಹಾಸುನೂಲಿಗೆ ಎಲ್ಲಿ ಗಂಟು ಬಿಗಿದರೆ ಬಣ್ಣ ಎಲ್ಲಿ ನಿಲ್ಲುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ಬುಖಾರಾದ ನೇಯ್ಗೆಮನೆಯವರು ಅವಳನ್ನು ಕೇಳಿಕೊಂಡು ಬಂದಿದ್ದರು, ಎರಡು ವರ್ಷ ಬಂದು ನಮ್ಮ ಹುಡುಗಿಯರಿಗೆ ಕಲಿಸಿ ಎಂದು. ಬಂದವರಿಗೆ ಚಹಾ ಬಗ್ಗಿಸಿಕೊಟ್ಟವನು ಹಮ್ದಮ್. ಅವರಲ್ಲೊಬ್ಬ ಅವನ ಕಡೆ ತಿರುಗಿ, ಆಕಾ ನೀವೇನು ಮಾಡಿಕೊಂಡಿದ್ದೀರಿ ಎಂದು ಸೌಜನ್ಯಕ್ಕೆ ಕೇಳಿದ್ದ. ಪ್ರೋಗ್ರಾಂ ಬರೀತೀನಿ ಎಂದಿದ್ದ ಇವನು. ಟೀವಿಯದೋ ಎಂದು ಅವನು ಕೇಳಿದ. ಅಲ್ಲ, ಕಂಪ್ಯೂಟರಿಂದು. ಎಷ್ಟು ಬರೆದಿದ್ದೀರಿ? ಒಂದು. ಬಂದವರು ತಲೆದೂಗಿ ಚಹಾ ಕುಡಿದರು. ಆ ತಲೆದೂಗಾಟ ನೆನಪಾದಾಗಲೆಲ್ಲ ಹಮ್ದಮ್‌ಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಂದು ಎನ್ನುವ ಬದಲು ಹಲವು ಎನ್ನಬಹುದಿತ್ತು, ಯಾರು ಎಣಿಸಲು ಬರುತ್ತಿದ್ದರು?

ಮಸ್ತೂರಾ ಬೆಳಿಗ್ಗೆ ಕೂಡ ಕೇಳಿದ್ದಳು. "ದಾದಾಸಿ," ಎಂದಳು. ಮಕ್ಕಳ ಅಪ್ಪ ಎಂದು ಅದರ ಅರ್ಥ; ಹಾಗೆ ಕರೆಯಲು ಕಾರಣಳಾದ ಮಗಳು ಮದುವೆಯಾಗಿ ನಮಂಗಾನಿಗೆ ಹೋಗಿ ಯಾವ ಕಾಲವಾಯಿತೋ. "ಬಾಯಿ ಬಿಟ್ಟು ಒಂದು ಮಾತು ಹೇಳಿ. ಹೋಗು ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕ್ತೀನಿ. ಬೇಜಾರೂ ಮಾಡ್ಕೊಳ್ಳಲ್ಲ."

"ಬುಖಾರಾದ ನೀರು ಉಪ್ಪಂತೆ," ಎಂದಿದ್ದ ಹಮ್ದಮ್.

"ನಾನು ನೀರಿನ ವಿಷಯ ಕೇಳ್ಲಿಲ್ಲ."

"ಚಳಿಗಾಲ ಬಂತು. ದಾಳಿಂಬೆ ಗಿಡ ಬಗ್ಗಿಸಿ ಮಣ್ಣು ಮುಚ್ಚಬೇಕು. ಒಬ್ಬನ ಕೈಲಾಗೋ ಕೆಲಸ ಅಲ್ಲ."

"ಗಿಡದ ವಿಷಯಾನೂ ಕೇಳ್ಲಿಲ್ಲ."

"ನಿನ್ನಿಷ್ಟ," ಎಂದ. ಎಂಥ ಔದಾರ್ಯ! ಹೆಂಡತಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟ ಆಧುನಿಕ ಪುರುಷ ತಾನು ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ಆ ಗಳಿಗೆ ಮುಗಿಯುವುದರೊಳಗೆ ಮಸ್ತೂರಾ ಎದ್ದು ಪೆಟ್ಟಿಗೆಯನ್ನು ನಡುಕೋಣೆಗೆ ತಂದಿದ್ದಳು.

ಸಂಗೀತಶಾಲೆಯ ಬಾಗಿಲಲ್ಲೇ ಕಾವಲುಗಾರ ತುರ್ಗುನ್ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. "ಬನ್ನಿ ಆಕಾ, ಬನ್ನಿ. ಆರೋಗ್ಯನಾ? ಮಂಡಿ ಹೇಗಿದೆ? ಮಸ್ತೂರಾ ಓಪಾ ಬುಖಾರಾಕ್ಕೆ ಹೊರಟ್ರಂತಲ್ಲ, ಬಜಾರಲ್ಲೆಲ್ಲ ಅದೇ ಮಾತು. ಇನ್ಮೇಲೆ ಒಲೆ ಮುಂದೆ ನೀವೇನಾ?" ಹಮ್ದಮ್ ಹಲ್ಲು ಕಿರಿದ. ಮಾತು ಬದಲಿಸಲು ಕಂಪ್ಯೂಟರಿನ ರೋಗವೇನೆಂದು ವಿಚಾರಿಸಿದ. "ಸಂಜೆ ಎಲ್ಲರೂ ಆಫ್ ಒತ್ತಿ ಹೋಗ್ತಾರೆ. ನಾನು ಬೀಗ ಹಾಕೋಕೆ ಬಂದ್ರೆ ಎಲ್ಲಾ ಪರದೆ ನೀಲಿಯಾಗಿ ಕೂತಿರತ್ತೆ, ಆರೋದೇ ಇಲ್ಲ. ಕರೆಂಟ್ ಉಳಿಸಿ ಅಂತ ಮೇಲಿಂದ ಆರ್ಡರ್. ನಾನೇನ್ಮಾಡ್ಲಿ, ಪೊರಕೆ ಹಿಡಿಯಿಂದ ಮೇನ್ ಸ್ವಿಚ್ ಇಳಿಸಿಬಿಡ್ತೀನಿ. ಸತ್ತಂಗೆ ಬಿದ್ಕೊಳ್ತವೆ. ಬೆಳಿಗ್ಗೆ ಎದ್ರೆ ತಲೆ ಕೆಟ್ಟಿರತ್ತೆ." ತಲೆ ಕೆಟ್ಟದ್ದು ಯಾವ ಪರಿ ಎಂದರೆ, ಪಾಠದ ವೇಳಾಪಟ್ಟಿ ಉಳಿಯದೆ ಹಿಂದಿನ ವಾರದ್ದು ಮೇಲೆ ಬಂದು, ದುತಾರ್ ಮೀಟುವ ಮಕ್ಕಳೂ ದೋಯಿರಾ ಬಡಿಯುವ ಮಕ್ಕಳೂ ಒಂದೇ ಕೋಣೆಗೆ ನುಗ್ಗಿ ಎರಡು ದಿನ ಜಗಳವಾಗಿತ್ತು.

ಆ ವೇಳಾಪಟ್ಟಿ ಮಾಡುವುದು ಅವನ ಪ್ರೋಗ್ರಾಂ. ಅವನ ಒಂದೇ ಒಂದು ಪ್ರೋಗ್ರಾಂ. ಅದಕ್ಕೆ ಅವನು ಮೆಜ್ಬಾನ್ ಎಂದು ಹೆಸರಿಟ್ಟಿದ್ದ. ಅತಿಥಿಯನ್ನು ಬರಮಾಡಿಕೊಂಡು ಕೂರಿಸಿ ಉಣಬಡಿಸುವ ಮನೆಯೊಡೆಯ ಎಂದು ಅದರ ಅರ್ಥ. ಶೋಹಿಸ್ತಾಳ ಕೋಣೆಯಲ್ಲಿ ಮೂರು ಜನ ಮೇಡಂಗಳು ಕೂತಿದ್ದರು, ಮೇಜಿನ ಮೇಲೆ ಒಣದ್ರಾಕ್ಷಿ, ಚಹಾ. ಹಮ್ದಮ್ ಕನ್ನಡಕ ಏರಿಸಿ ಉಪನ್ಯಾಸವನ್ನೇ ಶುರು ಮಾಡಿದ. ವೈರಸ್ ಕಾಯುವ ಪ್ರೋಗ್ರಾಂ ಎಂದರೆ ಏನು, ಅದು ಹೇಗೆ ಕಳ್ಳನಿಗಿಂತ ಹೆಚ್ಚು ಮನೆಯವರನ್ನೇ ಕಾಡುತ್ತದೆ, ಪ್ರಿಂಟರಿನ ಜೊತೆ ಬರುವ ಚಿಲ್ಲರೆ ಸಾಮಾನು ಯಾವ ರೀತಿ ಹಿನ್ನೆಲೆಯಲ್ಲಿ ಅವಿತು ಕೂರುತ್ತದೆ. ವೈರಸ್ ಕಾಯುವವನನ್ನು ಮುಚ್ಚಿ ಆಫ್ ಒತ್ತಿದ. ನೀಲಿ ಪರದೆ. ಬಲವಂತವಾಗಿ ಆರಿಸಿ ಮತ್ತೆ ಹಚ್ಚಿ ಪ್ರಿಂಟರಿನದನ್ನು ಕಿತ್ತ. ನೀಲಿ ಪರದೆ. ಹಾಡು ಧ್ವನಿಮುದ್ರಿಸುವ ಪ್ರೋಗ್ರಾಮಿನ ಮೇಲೆ ಅವನಿಗೆ ಮೊದಲಿಂದಲೂ ಅನುಮಾನವಿತ್ತು, ಅದನ್ನು ಮಾಡಿದವರಿಗೆ ಶಿಸ್ತೇ ಇಲ್ಲ ಎಂದು ಘೋಷಿಸಿದ. ಮೇಡಂಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರು ಅಷ್ಟು ಗಮನವಿಟ್ಟು ಕೇಳುತ್ತಿರುವುದು ಅವನಿಗೆ ಹುರುಪು ತಂದಿತ್ತು. ಹಿಂದೆ ತರಗತಿಯಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ.

ನೀಲಿ ಪರದೆಯ ಮೇಲೆ ಏನೋ ಬರೆದಿರುತ್ತದೆ, ಅದನ್ನು ಓದಬೇಕು ಎಂದು ಅವನಿಗೆ ಹೊಳೆದದ್ದು ಮೂರನೆಯ ಸಲ. ಕನ್ನಡಕ ತೆಗೆದು ಒರೆಸಿ ಹತ್ತಿರ ಬಾಗಿದ. ದೊಡ್ಡ ಅಕ್ಷರದಲ್ಲಿ, ನಟ್ಟನಡುವೆ: ಮೆಜ್ಬಾನ್. ಅದರ ಕೆಳಗೆ, ಈ ಪ್ರೋಗ್ರಾಂ ಕಂಪ್ಯೂಟರ್ ಆಫ್ ಆಗದಂತೆ ತಡೆಯುತ್ತಿದೆ. ಮೇಡಂಗಳು ದ್ರಾಕ್ಷಿಯ ತಟ್ಟೆ ನೋಡತೊಡಗಿದರು. ಪಕ್ಕದ ಕೋಣೆಯಲ್ಲಿ ಯಾರೋ ಒಂದೇ ತಾಳವನ್ನು ತಪ್ಪು ತಪ್ಪಾಗಿ ಬಡಿಯುತ್ತಿದ್ದರು. ಇವರಿಗೆಲ್ಲ ಮೊದಲೇ ಗೊತ್ತಿತ್ತು ಎಂಬುದು ಅವನ ತಲೆಗೆ ಆಗ ಹೊಕ್ಕಿತು. ಮೊದಲ ದಿನವೇ ಗೊತ್ತಿತ್ತು. ಹಿರಿಯರ ಮುಖಕ್ಕೆ ಹೊಡೆದ ಹಾಗೆ ನಿಮ್ಮದೇ ಪ್ರೋಗ್ರಾಂ ಎನ್ನಲಾರದೆ ಯಾವುದೋ ಒಂದು ಎಂದಿದ್ದರು; ಅವನು ಊರಿನ ಪ್ರೋಗ್ರಾಮುಗಳನ್ನೆಲ್ಲ ಬೈದು ಮುಗಿಸುವ ತನಕ ಮರ್ಯಾದೆಯಿಂದ ಕಾದಿದ್ದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಅವನು ಕೇಳಿದ್ದ, ಆದರೆ ಆ ಮಗುವೇ ಕಳ್ಳ ಎಂದು ಊರಿಗೆಲ್ಲ ಮೊದಲೇ ಗೊತ್ತಿದ್ದ ಕಥೆ ಇದೇ ಮೊದಲು.

"ಹಾಂ, ನನಗೂ ಇದರ ಮೇಲೇ ಸಂಶಯ ಇತ್ತು," ಎಂದ ಹಮ್ದಮ್. ಸುಳ್ಳು ಎಷ್ಟು ಬಡಕಲಾಗಿತ್ತೆಂದರೆ ಅವನಿಗೇ ಅದರ ಮೇಲೆ ಕನಿಕರವಾಯಿತು.

ಶೋಹಿಸ್ತಾ ಎದ್ದು ಅವನ ಪಿಯಾಲಾ ಬಟ್ಟಲಿಗೆ ಚಹಾ ಬಗ್ಗಿಸಿದಳು. "ಉಸ್ತಾದ್, ಬೇಜಾರ್ ಮಾಡ್ಕೋಬೇಡಿ. ತಾಷ್ಕೆಂಟಿಂದ ಹೊಸ ಪ್ರೋಗ್ರಾಂ ಕೊಡ್ತಾರಂತೆ. ಪುಕ್ಕಟೆ. ನಿಮಗ್ಯಾಕೆ ಈ ವಯಸ್ಸಲ್ಲಿ ತೊಂದ್ರೆ? ಇದನ್ನ ತೆಗೆದುಬಿಡೋಕೆ ನಿಮ್ಮ ಒಪ್ಪಿಗೆ ಇದ್ರೆ ಸಾಕು." ಅವಳ ದನಿಯಲ್ಲಿ ಕಪಟವಿರಲಿಲ್ಲ, ಆದ್ದರಿಂದ ಇನ್ನೂ ಹೆಚ್ಚು ನೋವಾಯಿತು. ಪಿಯಾಲಾ ನೋಡಿದ. ಅಂಚಿನವರೆಗೂ ತುಂಬಿತ್ತು. ಆ ಊರಿನಲ್ಲಿ ಗೌರವದ ಅತಿಥಿಗೆ ಎರಡು ಗುಟುಕಿನಷ್ಟು ಮಾತ್ರ ಬಗ್ಗಿಸುತ್ತಾರೆ, ಮತ್ತೆ ಮತ್ತೆ ಬಗ್ಗಿಸುವ ಸುಖಕ್ಕೆ. ತುಂಬಿಸಿಕೊಟ್ಟರೆ ಕುಡಿದು ಎದ್ದೇಳಿ ಎಂದು ಅರ್ಥ. ಅವಳು ಬೇಕೆಂದು ಮಾಡಿದಳೋ ಕೈ ತಪ್ಪಿತೋ ಅವನಿಗೆ ತಿಳಿಯಲಿಲ್ಲ. ಅವನು ಕುಡಿಯಲೂ ಇಲ್ಲ, ಏಳಲೂ ಇಲ್ಲ. "ಒಂದೇ ಒಂದು ಸಲ ನೋಡ್ತೀನಮ್ಮಾ," ಎಂದ. ಬೇಡುವ ದನಿ ತನ್ನದೇ ಎಂದು ಗುರುತು ಹತ್ತಲಿಲ್ಲ.

ಎಲ್ಲರೂ ಪಾಠಕ್ಕೆ ಎದ್ದು ಹೋದಮೇಲೆ ಅವನೊಬ್ಬನೇ ಪರದೆಯ ಮುಂದೆ ಕೂತ. ಮೆಜ್ಬಾನ್ ಯಾಕೆ ತಡೆಯುತ್ತದೆ? ಅವನು ಅದಕ್ಕೆ ತಡೆಯಲು ಹೇಳಿಕೊಟ್ಟಿರಲಿಲ್ಲ. ಕೇಳಲು ಹೇಳಿಕೊಟ್ಟಿದ್ದ, ಅಷ್ಟೆ. ಹೊರಟ ಅತಿಥಿಯನ್ನು ಮೂರು ಸಲ ಕೂರಲು ಹೇಳದ ಮನೆಯೂ ಒಂದು ಮನೆಯೇ ಎಂದು ಅವನ ತಾಯಿ ಹೇಳುತ್ತಿದ್ದಳು. ಮೊದಲನೆಯ ಸಲ ಬಾಯಿಮಾತಿಗೆ, ಎರಡನೆಯದು ಮರ್ಯಾದೆಗೆ, ಮೂರನೆಯದು ಮನಸ್ಸಿನಿಂದ. ಅದನ್ನೇ ಪ್ರೋಗ್ರಾಮಿಗೆ ಕಲಿಸಿದ್ದ. ಯಾರಾದರೂ ಕಂಪ್ಯೂಟರ್ ಆರಿಸಲು ಹೊರಟರೆ ಚಿಕ್ಕದೊಂದು ಚೌಕ ಎದ್ದು ಬಂದು, ಇಷ್ಟು ಬೇಗ ಹೊರಟಿರಾ, ಕೂತ್ಕೊಳ್ಳಿ ಎನ್ನುವುದು. ಇಲ್ಲ ಎಂದು ಒತ್ತಿದರೆ, ಚಹಾ ಇನ್ನೂ ಆರಿಲ್ಲ ಎನ್ನುವುದು. ಮತ್ತೂ ಇಲ್ಲ ಎಂದರೆ, ನಿಜವಾಗಿಯೂ ಹೋಗಲೇಬೇಕೇ ಎಂದು ಕೇಳಿ, ಹೂಂ ಅನ್ನಿಸಿಕೊಂಡು, ವೇಳಾಪಟ್ಟಿಯನ್ನು ಜೋಪಾನವಾಗಿ ಎತ್ತಿಟ್ಟು ಬಿಟ್ಟುಕೊಡುವುದು. ಆಗೆಲ್ಲ ಹೊಸದರಲ್ಲಿ ಮೇಡಂಗಳು ಬಿದ್ದು ಬಿದ್ದು ನಕ್ಕಿದ್ದರು. ನಿಮ್ಮ ಯಂತ್ರಕ್ಕೆ ನಮ್ಮ ಸೊಸೆಗಿಂತ ಸಂಸ್ಕಾರ ಇದೆ ಎಂದು ಒಬ್ಬರು ಅಂದಿದ್ದರು. ಆ ಮಾತನ್ನು ಮನೆಗೆ ಹೋಗಿ ಮಸ್ತೂರಾಗೆ ಮೂರು ಸಲ ಹೇಳಿದ್ದ. ಅವಳು ದಾರ ಕಚ್ಚಿ ಹರಿಯುತ್ತ, "ಯಂತ್ರಕ್ಕೆ ಕಲಿಸಿದ್ರಿ, ಒಳ್ಳೇದಾಯ್ತು," ಎಂದಿದ್ದಳು. ಅದು ಹೊಗಳಿಕೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದ.

ಆಫ್ ಒತ್ತಿದ. ನೀಲಿ ಪರದೆ ಬಂತು. ಅದರ ಕೆಳಗೆ ಎರಡು ಗುಂಡಿ: ಹೇಗಾದರೂ ಆರಿಸು, ಬೇಡ. ಬೇಡ ಎಂಬುದನ್ನು ಈ ಶಾಲೆಯಲ್ಲಿ ಯಾರೂ ಒತ್ತಿದ್ದಿಲ್ಲ. ಮನೆಗೆ ಹೊರಟ ಜನ ಯಾಕೆ ಒತ್ತುತ್ತಾರೆ? ಹಮ್ದಮ್ ಒತ್ತಿದ. ನೀಲಿ ಸರಿಯಿತು. ಸರಿದ ಜಾಗದಲ್ಲಿ, ಪರದೆಯ ನಡುವೆ, ಅವನ ಚಿಕ್ಕ ಚೌಕ ಕೂತಿತ್ತು. ಇಷ್ಟು ಬೇಗ ಹೊರಟಿರಾ, ಕೂತ್ಕೊಳ್ಳಿ.

ರೋಗ ಯಾವುದೆಂದು ಈಗ ತಿಳಿಯಿತು. ಶಾಲೆಗೆ ಈಚೆಗೆ ಬಂದ ಹೊಸ ಕಂಪ್ಯೂಟರುಗಳು ಆರುವಾಗ ಎಲ್ಲದರ ಮುಂದೆ ತಮ್ಮದೇ ನೀಲಿ ಪರದೆ ಎಳೆದುಬಿಡುತ್ತವೆ; ಯಾರು ಕೇಳಿದರೂ ಆ ಪರದೆಯ ಹಿಂದೆಯೇ ಕೇಳಬೇಕು. ಅವನ ಮೆಜ್ಬಾನ್ ದಿನಾ ಸಂಜೆ ಕೇಳಿತ್ತು, ತಪ್ಪಿಸಿರಲಿಲ್ಲ. ಮೊದಲನೆಯ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತ ಕೂತಿತ್ತು, ತುರ್ಗುನನ ಪೊರಕೆ ಬರುವವರೆಗೆ. ಪರದೆಯ ಈ ಕಡೆ ಇದ್ದವರಿಗೆ ಕಂಡದ್ದು ಒಂದೇ: ಇದು ಹಟ ಹಿಡಿದು ಹೋಗಗೊಡುತ್ತಿಲ್ಲ. ಹಮ್ದಮ್‌ಗೆ ಜೋರಾಗಿ ನಗು ಬಂತು, ನಕ್ಕ, ನಗು ನಡುವೆಯೇ ನಿಂತುಹೋಯಿತು. ಬುಖಾರಾದ ನೀರು ಉಪ್ಪಂತೆ. ದಾಳಿಂಬೆಗೆ ಮಣ್ಣು ಮುಚ್ಚುವವರು ಯಾರು. ನಿನ್ನ ಮಂಡಿ ಆ ಚಳಿಗೆ ತಡೆಯುತ್ತದೆಯೇ. ಈ ತಿಂಗಳೆಲ್ಲ ಅವನು ಕೇಳುತ್ತಲೇ ಇದ್ದ, ತನ್ನ ಮಟ್ಟಿಗೆ ಅದೆಲ್ಲ ಹೋಗಬೇಡ ಎಂಬ ಮಾತೇ. ಅವಳ ಕಡೆ ಬಂದದ್ದು ಬರೀ ತಕರಾರು. ಕಂಪ್ಯೂಟರಿಗೆ ಕೂರು ಎನ್ನಲು ಕಲಿಸಿದ ಮಹಾಶಯ, ಕಟ್ಟಿಕೊಂಡವಳಿಗೆ ಒಂದು ಸಲವೂ ಕೂರು ಎಂದಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಊರಿಗಾದರೂ ಉಪಕಾರವಾಗಿದ್ದರೆ ಆ ಗಾದೆಯೂ ಒಪ್ಪುತ್ತಿತ್ತು.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರು ಪ್ರಶ್ನೆಗಳನ್ನೂ ಅಳಿಸಿದ. ಆರಿಸು ಎಂದ ಕೂಡಲೇ ವೇಳಾಪಟ್ಟಿ ಎತ್ತಿಟ್ಟು ಸುಮ್ಮನೆ ಎದ್ದು ಹೋಗು ಎಂದು ಬರೆದ. ಮೂರನೆಯದನ್ನು ಅಳಿಸುವ ಮುಂಚೆ ಎರಡು ಸಲ ಓದಿಕೊಂಡು, ಅಷ್ಟು ನಾಟಕ ಬೇಡ ಎಂದು ತನ್ನನ್ನೇ ಗದರಿಸಿಕೊಂಡಿದ್ದ. ಪಾಠ ಮುಗಿಸಿ ಬಂದ ಶೋಹಿಸ್ತಾಳ ಎದುರೇ ಆಫ್ ಒತ್ತಿ ತೋರಿಸಿದ. ಪರದೆ ಕ್ಷಣದಲ್ಲಿ ಕಪ್ಪಾಯಿತು. "ಅಯ್ಯೋ, ಎಷ್ಟು ಚೆನ್ನಾಗಿ ಆರ್ತು ಉಸ್ತಾದ್! ಇನ್ನು ತಾಷ್ಕೆಂಟಿನವರದ್ದು ಯಾರಿಗೆ ಬೇಕು?" ಎಂದು ಅವಳು ಚಪ್ಪಾಳೆ ತಟ್ಟಿದಳು. ಅವನ ಒಂದೇ ಪ್ರೋಗ್ರಾಂ ಉಳಿದಿತ್ತು. ಅದರಲ್ಲಿ ಅವನದು ಅನ್ನುವಂಥದ್ದು ಏನೂ ಉಳಿದಿರಲಿಲ್ಲ. "ಕೂತ್ಕೊಳ್ಳಿ, ಪುಲಾವ್ ಬರ್ತಿದೆ," ಎಂದಳು ಶೋಹಿಸ್ತಾ. ಬೇಡಮ್ಮ ಎಂದ. ಊಟ ಮಾಡದೆ ಹೋಗೋ ಹಾಗಿಲ್ಲ ಎಂದಳು. ಅವಳು ಮೂರನೆಯ ಸಲ ಕೇಳುವ ಹೊತ್ತಿಗೆ ಅವನು ಅಂಗಳದಲ್ಲಿದ್ದ.

ಓಡುವ ವಯಸ್ಸಲ್ಲ, ಆದರೂ ಅರ್ಧ ಓಡಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮೂರು ಸಲ ಹೇಳಬೇಕು, ಎದುರು ನಿಂತು, ನೀರು ಗಿಡ ಮಂಡಿ ಯಾವುದನ್ನೂ ನಡುವೆ ತರದೆ. ಸೈನ್ಯಕ್ಕೆ ಹೊರಟ ದಿನ ಅವನ ತಾಯಿ ಹೊಸಿಲಲ್ಲಿ ನಿಂತು ದುಂಡು ರೊಟ್ಟಿ ಬಾಯಿಗೆ ಹಿಡಿದಿದ್ದಳು. ಒಂದು ತುತ್ತು ಕಚ್ಚಿ ಹೋಗಿದ್ದ. ಕಚ್ಚಿದ ರೊಟ್ಟಿಯನ್ನು ಅವಳು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಳು. ಹೋದವನು ಬಂದು ಉಳಿದದ್ದನ್ನು ತಿನ್ನಬೇಕು, ಅಲ್ಲಿಯವರೆಗೆ ಮನೆಯಲ್ಲಿ ಇನ್ನೊಬ್ಬರ ಹಲ್ಲು ಅದಕ್ಕೆ ತಾಗಬಾರದು. ಎರಡು ವರ್ಷದ ಮೇಲೆ ಬಂದಾಗ ಅದು ಕಲ್ಲಾಗಿತ್ತು, ಚಹಾದಲ್ಲಿ ನೆನೆಸಿ ನೆನೆಸಿ ತಿಂದ. ಆ ಮೊಳೆ ಈಗಲೂ ಇದೆ. ಇವತ್ತು ಅದಕ್ಕೆ ಕೆಲಸ ಬೀಳದಿರಲಿ ಎಂದು ಹಾರೈಸಿದ.

ಬೀದಿಯಲ್ಲಿ ಬಿಳಿ ಟ್ಯಾಕ್ಸಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಪೆಟ್ಟಿಗೆ ಆಗಲೇ ಡಿಕ್ಕಿಯಲ್ಲಿತ್ತು. ಮಸ್ತೂರಾ ಹೊಸಿಲ ಮೇಲೆ ರೊಟ್ಟಿ ಹಿಡಿದುಕೊಂಡು ನಿಂತಿದ್ದಳು. ಬಾಯಿಗೆ ಹಿಡಿಯುವವರು ಯಾರೂ ಇಲ್ಲದೆ ತಾನೇ ಹಿಡಿದುಕೊಂಡು ನಿಂತವಳನ್ನು ಕಂಡು ಹಮ್ದಮ್‌ಗೆ ಮೈಯೆಲ್ಲ ನಾಚಿಕೆಯಾಯಿತು.

"ಹೋಗ್ಬೇಡ," ಎಂದ, ಏದುಸಿರು ಬಿಡುತ್ತ.

ಮಸ್ತೂರಾ ಕಣ್ಣು ಕಿರಿದು ಮಾಡಿದಳು. "ಇದು ಮೊದಲನೇದು. ಬಾಗಿಲಲ್ಲಿ ಎಲ್ರೂ ಅಂತಾರೆ."

"ಹೋಗ್ಬೇಡ ಕಣೇ."

"ಎರಡು," ಎಂದಳು. ದನಿ ತಗ್ಗಿತ್ತು. ಹೆಗಲ ಚೀಲ ಜಾರಿ ಮೊಣಕೈಗೆ ಬಂತು, ಅದನ್ನು ಅವಳು ಮೇಲೆ ಎತ್ತಿಕೊಳ್ಳಲಿಲ್ಲ. ಕಾದಳು. ಮೂರನೆಯ ಮಾತು ಅವನ ಗಂಟಲಿಗೆ ಬಂದಿತ್ತು. ಅವನು ಅವಳ ಬೆರಳು ನೋಡಿದ. ಉಗುರಿನ ಬುಡದಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ, ಇವತ್ತಿಗೆಂದು ತಿಕ್ಕಿ ತಿಕ್ಕಿ ಕೆಂಪಾದ ಚರ್ಮ. ಮದುವೆಯ ಮನೆಗೆ ಮಾತ್ರ ಹೊದೆಯುವ ಶಾಲು. ಮೂರನೆಯ ಸಲ ಹೇಳಿದರೆ ಅವಳು ಉಳಿಯುತ್ತಾಳೆ. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಉಳಿದಮೇಲೆ ಏನಾಗುತ್ತದೆ ಎಂಬುದರಲ್ಲೂ ಇರಲಿಲ್ಲ. ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತದೆ, ಅವಳು ಚಹಾ ತರುತ್ತಾಳೆ, ಅವನು ಲ್ಯಾಪ್‌ಟಾಪ್ ತೆರೆದು ಅವಳಿಗೆ ಬೆನ್ನು ಹಾಕಿ ಕೂರುತ್ತಾನೆ. ತನ್ನ ಪ್ರೋಗ್ರಾಮಿನ ಸಾಲುಗಳಷ್ಟೇ ಖಚಿತವಾಗಿ ಅವನು ತನ್ನನ್ನು ಬಲ್ಲ. ಆ ಬೆನ್ನಿಗಾಗಿ ಇವಳನ್ನು ಉಳಿಸಿಕೊಳ್ಳುವುದೇ? ಕೈ ಚಾಚಿ ರೊಟ್ಟಿ ಇಸಕೊಂಡ. ಅದನ್ನು ಅವಳ ಬಾಯಿಗೆ ಹಿಡಿದ.

"ಕಚ್ಚು. ರೈಲು ತಪ್ಪತ್ತೆ."

ಅವಳ ಕಣ್ಣು ತುಂಬಿತು. "ಅಂತೂ ಒಂದು ಮಾತು ಆಡಿದ್ರಿ," ಎಂದಳು. ಕಚ್ಚಿದಳು. ಬಾಯಲ್ಲಿ ತುತ್ತು ಇಟ್ಟುಕೊಂಡೇ ಟ್ಯಾಕ್ಸಿ ಹತ್ತಿದಳು. ಹಮ್ದಮ್ ರೊಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಅಂಗೈ ಮುಖಕ್ಕೆ ಸವರಿಕೊಂಡು ದುವಾ ಮಾಡಿ, ತಾನು ಎಷ್ಟು ದೊಡ್ಡ ಮನುಷ್ಯ ಎಂದು ನೆನೆದು ಗದ್ಗದಿತನಾಗಿ ಅಂಗಳಕ್ಕೆ ಬಂದ. ದಾಳಿಂಬೆ ಗಿಡ ಎಲೆ ಉದುರಿಸಿಕೊಂಡು ನಿಂತಿತ್ತು. ಜಗಲಿಯ ಮೇಲೆ ಕೂತ. ಎರಡು ವರ್ಷ. ಸಂಜೆಗೆ ಏನು ಬೇಯಿಸುವುದು? ಉಪ್ಪಿನ ಡಬ್ಬಿ ಎಲ್ಲಿದೆ? ತ್ಯಾಗಕ್ಕೂ ಹೊಟ್ಟೆಗೂ ಸಂಬಂಧವಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಆ ತುಂಬಿದ ಪಿಯಾಲಾವನ್ನೂ ಮುಟ್ಟಿರಲಿಲ್ಲ. ಅವಳು ಮುಂಜಾನೆ ಸುಟ್ಟ ರೊಟ್ಟಿ, ಮೇಲೆ ಎಳ್ಳು. ಅಗಿಯುತ್ತ ಅಗಿಯುತ್ತ, ಉಪ್ಪು ಹದವಾಗಿದೆ ಎಂದುಕೊಂಡ. ಅಗಿಯುವುದು ನಿಂತಿತು. ಕೈಯಲ್ಲಿದ್ದ ರೊಟ್ಟಿ ನೋಡಿದ. ಅವಳ ಹಲ್ಲಿನ ಗುರುತು, ಅದರ ಪಕ್ಕದಲ್ಲೇ ಅವನದು, ಅದಕ್ಕಿಂತ ದೊಡ್ಡದು.

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನುಂಗಿದ. ಫೋನು ತೆಗೆದುಕೊಂಡ.

"ಒನಾಸಿ, ಒಂದು ತಪ್ಪಾಯ್ತು." ಮಕ್ಕಳ ತಾಯಿ ಎಂದು ಹೀಗೆ ಕರೆದು ಎಷ್ಟು ದಿನವಾಗಿತ್ತೋ.

"ಗ್ಯಾಸ್ ಆರಿಸಿಲ್ವಾ?"

"ರೊಟ್ಟಿ... ಕಚ್ಚಿಬಿಟ್ಟೆ."

ಆ ಕಡೆ ರೈಲು ನಿಲ್ದಾಣದ ಗದ್ದಲ. "ನನ್ನ ರೊಟ್ಟೀನಾ?"

"ಹಸಿವಾಗಿತ್ತು."

ಮೊದಲು ಅವಳು ಅಳುತ್ತಿದ್ದಾಳೆ ಎಂದುಕೊಂಡ. ನಗುತ್ತಿದ್ದಳು. ಪಕ್ಕದ ಯಾರಿಗೋ, ನಮ್ಮನೆಯವರು ನನ್ನ ರೊಟ್ಟಿ ತಿಂದುಬಿಟ್ರು ಎಂದು ಹೇಳಿ ಮತ್ತೆ ನಕ್ಕಳು. ಅಲ್ಲಿ ಯಾರೋ ಅಯ್ಯಯ್ಯೋ ಎಂದದ್ದೂ ಕೇಳಿಸಿತು. "ಹಾಗಾದ್ರೆ ಮುಗೀತು ದಾದಾಸಿ. ಕಚ್ಚಿದವರು ಮನೇಲಿ ಕೂರೋ ಹಾಗಿಲ್ಲ. ಹೋಗಿ, ತಿರುಗಿ ಬಂದು ತಿನ್ಬೇಕು. ಗಿಡಕ್ಕೆ ಮಣ್ಣು ಮುಚ್ಚಿ ಹೊರಡಿ."

"ನಾನಾ? ಬುಖಾರಾದಲ್ಲಿ ನಾನೇನ್ಮಾಡ್ಲಿ?"

"ಗಂಟು ಕಟ್ಟುವಾಗ ನೂಲಿನ ತುದಿ ಹಿಡ್ಕೊಂಡು ಎದುರಿಗೆ ಕೂರೋಕೆ ಒಬ್ರು ಬೇಕು. ಬಾಯಿ ಮುಚ್ಕೊಂಡು ಕೂರೋ ಕೆಲಸ. ನಿಮಗೆ ಹೇಳಿ ಮಾಡಿಸಿದ್ದು."

ಅಲ್ಲಿಯ ನೀರು ಉಪ್ಪಂತೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನೂ ನುಂಗಿದ. "ಬರ್ತೀನಿ," ಎಂದ.

"ಒಂದು," ಎಂದಳು ಮಸ್ತೂರಾ.

"ಬರ್ತೀನಿ ಕಣೇ."

"ಎರಡು. ಮೂರನೇದನ್ನ ಎದುರಿಗೆ ಬಂದು ಹೇಳಿ." ಹಿಂದೆ ರೈಲು ಕೂಗಿತು, ಫೋನು ನಿಂತಿತು.

ಹಮ್ದಮ್ ಎರಡು ಕಡೆ ಕಚ್ಚಿದ ರೊಟ್ಟಿಗೆ ದಾರ ಪೋಣಿಸಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ. ಆಮೇಲೆ, ಹಾರೆ ಎಲ್ಲಿಟ್ಟಿದ್ದಾಳೆಂದು ಹುಡುಕುತ್ತ ದಾಳಿಂಬೆ ಗಿಡದ ಕಡೆ ಹೋದ.